ಕೇಪಿನ ಕೋವಿಯ ಆರೈಕೆ



ಬೆಳೆ ಕಾಯಲೆಂದು ಪರವಾನಗಿ ಪಡೆದ ಕೇಪಿನ ಕೋವಿ ಮಲೆನಾಡಿನ ಹಲವು ಮನೆಗಳಲ್ಲಿ ಉಂಟು. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಒರೆಸಿ, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಪೂಜೆಯೇನೋ ಸರಿ, ಆದರೆ ವರ್ಷಕ್ಕೊಂದು ಸಲ ಒರೆಸಿದರೆ ಸಾಲದು. ತುಕ್ಕು ತಿಂದು ತೆಳ್ಳಗಾದ ನಳಿಕೆ ಒಡೆದರೆ ಹೋಗುವುದು ಕಾಡುಹಂದಿಯಲ್ಲ, ಹಿಡಿದವನ ಕೈ!

ಮೊದಲು ಕೋವಿ ಖಾಲಿಯೇ ನೋಡಿ. ಕೇಪು ತೆಗೆಯಿರಿ. ಬಾಯಿಯನ್ನು ಜನವಿಲ್ಲದ ಕಡೆ ತಿರುಗಿಸಿ, ಪಕ್ಕದಲ್ಲಿ ನಿಂತು, ಗಜದ ಕೋಲನ್ನು ಮೆಲ್ಲಗೆ ಒಳಗೆ ಬಿಡಿ. ಎಷ್ಟು ಇಳಿಯಿತೆಂದು ಗುರುತು ಮಾಡಿ, ಹೊರಗೆ ನಳಿಕೆಯ ಪಕ್ಕ ಹಿಡಿಯಿರಿ. ಕೇಪಿನ ತೂತಿನ ಬುಡದವರೆಗೆ ಬಂದರೆ ಖಾಲಿ. ಮೊದಲೇ ನಿಂತರೆ ಒಳಗೆ ಮದ್ದಿದೆ ಅಂತಲೇ ತಿಳಿಯಿರಿ. ಕೆದಕಬೇಡಿ, ಪರವಾನಗಿಯುಳ್ಳ ರಿಪೇರಿಯವರಿಗೆ ತಿಳಿಸಿ.

'ಎಣ್ಣೆ ಹಚ್ಚಿದರೆ ಆಯ್ತಲ್ಲ' ಅಂತ ಕೆಲವರು ಕೇಳುತ್ತಾರೆ. ಆಗೋದಿಲ್ಲ. ಕರಿಮದ್ದು ಸುಟ್ಟ ಮಸಿಯಲ್ಲಿ ಲವಣಗಳಿರುತ್ತವೆ. ಅವು ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತವೆ. ಎಣ್ಣೆಗೂ ಸೀಮೆಎಣ್ಣೆಗೂ ಕರಗವು, ನೀರಿಗೆ ಕರಗುತ್ತವೆ. ಆದ್ದರಿಂದ ಹಾರಿಸಿದ ದಿನವೇ ಹಳೆಯ ಪಂಚೆಯ ಚೂರನ್ನು ಬಿಸಿನೀರಿನಲ್ಲಿ ಅದ್ದಿ, ಗಜದ ಕೋಲಿಗೆ ಸುತ್ತಿ ಒಳಗೆ ತಿಕ್ಕಿರಿ. ಬಟ್ಟೆ ಬೆಳ್ಳಗೆ ಬರುವ ತನಕ ಚೂರು ಬದಲಿಸಿ. ಕೇಪು ಕೂರುವ ತುದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಬಳಿಕ ಒಣಬಟ್ಟೆಯಿಂದ ತೇವವೆಲ್ಲ ಹೋಗುವಂತೆ ಒರೆಸಿ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ.

ಈಗ ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಸಾಕು, ತೆಳ್ಳಗೆ ಸವರಿ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ಮರದ ಹಿಡಿಗೆ ಅಗಸೆ ಎಣ್ಣೆ ಒಳ್ಳೆಯದು. ಆದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರಡಿ ಒಣಗಿಸಿ.

ಕೋವಿಯನ್ನು ಚರ್ಮದ ಚೀಲದಲ್ಲಿ ಇಡಬೇಡಿ. ಅದು ತೇವ ಹಿಡಿಯುತ್ತದೆ. ಬೀಗದ ಒಳಗಿಡಿ. ಮದ್ದು, ಕೇಪು ಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ ಇರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ. ಬಳಸುವ ಮೊದಲು ನಳಿಕೆಯ ಎಣ್ಣೆ ಒರೆಸಿ, ಬಟ್ಟೆಯ ಚೂರು ಒಳಗೆ ಉಳಿದಿಲ್ಲವೆಂದು ಖಚಿತಮಾಡಿಕೊಳ್ಳಿ.

ಇನ್ನೊಂದು ಮಾತು. ಬೆಳೆ ಕಾಯುವ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯಿದೆಯನ್ನು ಮರೆಯಬೇಡಿ. ನಳಿಕೆ ಬಿರಿದಿದ್ದರೆ, ಗುಳಿ ಬಿದ್ದಿದ್ದರೆ ಎಣ್ಣೆಯಿಂದ ಅದು ವಾಸಿಯಾಗುವುದಿಲ್ಲ. ಅಂಥ ಕೋವಿಯನ್ನು ಹಾರಿಸಲೇಬೇಡಿ.