ಪೀಣ್ಯ ಫ್ಲೈಓವರ್ ಬದಲು ಮೆಟ್ರೋ ಸಾಕಾ?

ಬೆಂಗಳೂರು ಬಸ್ಸಲ್ಲಿ ಕೂತು ಇದನ್ನ ಕೇಳ್ತಿದ್ರೆ ಇನ್ನೂ ಒಳ್ಳೇದು, ಇವತ್ತಿನ ವಿಷಯ ನಿಮ್ಮ ದಾರಿಯದ್ದೇ.

2023ರಲ್ಲಿ ಅಮ್ಮನ್ನ ಕಣ್ಣು ತೋರಿಸೋಕೆ ಬೆಂಗಳೂರಿಗೆ ಕರ್ಕೊಂಡು ಹೋಗ್ತಿದ್ದೆ. ಚಳ್ಳಕೆರೆ ಬಿಟ್ಟು ಹಿರಿಯೂರು, ಶಿರಾ, ತುಮಕೂರು ದಾಟಿ ಸಲೀಸಾಗಿ ಬಂದ ಬಸ್ಸು, ಪೀಣ್ಯದ ನಾಲ್ಕೈದು ಕಿಲೋಮೀಟರ್‌ಗೆ ಮುಕ್ಕಾಲು ಗಂಟೆ ತಗೊಂಡ್ತು. ತಲೆ ಮೇಲೆ ಫ್ಲೈಓವರ್. ಅದರಲ್ಲಿ ಕಾರುಗಳು ಆರಾಮಾಗಿ ಹೋಗ್ತಿವೆ. ಅಮ್ಮ ಕೇಳಿದ್ರು, "ಅದರ ಮ್ಯಾಲೆ ನಾವ್ಯಾಕೆ ಹೋಗಂಗಿಲ್ಲ?"

ಉತ್ತರ ಕೇಬಲ್‌ನಲ್ಲಿದೆ. 2010ರಲ್ಲಿ ಶುರುವಾದ ಈ ಫ್ಲೈಓವರ್ ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳನ್ನ ಸಾಲಾಗಿ ಜೋಡಿಸಿ, ಒಳಗೆ ಉಕ್ಕಿನ ಕೇಬಲ್ ಎಳೆದು ಬಿಗಿದು ಕಟ್ಟಿದ್ದು. ಮಣಿಸರ ಇದ್ದಂಗೆ, ದಾರವೇ ಅದರ ಜೀವ. 2021ರ ಡಿಸೆಂಬರ್ ಕೊನೆಗೆ 102 ಮತ್ತು 103ನೇ ಕಂಬದ ಹತ್ತಿರ ಕೇಬಲ್ ತುಕ್ಕು ಹಿಡಿದಿರೋದು ಗೊತ್ತಾಗಿ ಎಲ್ಲ ವಾಹನಗಳನ್ನೂ ನಿಲ್ಲಿಸಿದ್ರು. ಪರೀಕ್ಷೆ ಮಾಡಿದ್ದು ಐಐಎಸ್‌ಸಿ ತಜ್ಞರು. ಹೌದು, ನಮ್ಮ ಕುದಾಪುರದಲ್ಲಿ ಕ್ಯಾಂಪಸ್ ಇದೆಯಲ್ಲ, ಅದೇ ಐಐಎಸ್‌ಸಿ. 2022ರ ಫೆಬ್ರವರಿಯಲ್ಲಿ ಕಾರು, ಬೈಕಿಗೆ ಬಿಟ್ರು. ಬಸ್ಸು, ಲಾರಿಗೆ ಬಿಟ್ಟಿದ್ದು 2024ರ ಜುಲೈ ಕೊನೆಗೆ. ಅದೂ ಹೆಚ್ಚುವರಿ ಕೇಬಲ್ ಹಾಕಿದ ಮೇಲೆ, ಶುಕ್ರವಾರ ತಪಾಸಣೆಗೆ ರಜೆ ಕೊಟ್ಟು.

ಕಾರವಾರದ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರಂದು ಕುಸಿದಾಗ ಅದಕ್ಕೆ ಸುಮಾರು 40 ವರ್ಷ. ಪೀಣ್ಯದ್ದಕ್ಕೆ ಕಾಯಿಲೆ ಬಂದಾಗ ಬರೀ 11. ಸೇತುವೆಯ ವಯಸ್ಸನ್ನ ಕ್ಯಾಲೆಂಡರ್ ನೋಡಿ ಹೇಳೋಕಾಗಲ್ಲ.

ಹಾಗಾದ್ರೆ ಇದನ್ನ ನಂಬೋದು ಬಿಟ್ಟು, ಪಕ್ಕದಲ್ಲೇ ಓಡೋ ಹಸಿರು ಮೆಟ್ರೋ ಹಿಡಿದ್ರೆ ಆಯ್ತಲ್ಲ? ನಾನು ಕಾಮರ್ಸ್ ಓದಿದವನು, ಲೆಕ್ಕ ಹಾಕ್ದೆ ಬಿಡಲ್ಲ. ಒಂದು ಲೇನ್‌ನಲ್ಲಿ ಗಂಟೆಗೆ 1,800 ಕಾರು, ಕಾರಿಗೆ ಒಂದೂವರೆ ಜನ ಅಂತ ಹಿಡಿಯಿರಿ. ಒಂದು ದಿಕ್ಕಿನ ಎರಡು ಲೇನ್‌ಗೆ 5,400 ಜನ. ಆರು ಬೋಗಿಯ ಮೆಟ್ರೋದಲ್ಲಿ 1,500 ಜನ ಅಂದ್ಕೊಂಡು, 10 ನಿಮಿಷಕ್ಕೊಂದು ರೈಲು ಬಿಟ್ರೂ ಗಂಟೆಗೆ 9,000. ಲೆಕ್ಕದಲ್ಲಿ ಮೆಟ್ರೋ ಆರಾಮಾಗಿ ಗೆಲ್ಲುತ್ತೆ. 2024ರ ನವೆಂಬರ್‌ನಿಂದ ಅದು ನಾಗಸಂದ್ರ ದಾಟಿ ಮಾದಾವರಕ್ಕೂ ಬಂದಿದೆ, ಅಂದ್ರೆ ಫ್ಲೈಓವರ್ ಹತ್ತೋಕೆ ಮುಂಚೆಯೇ ಇಳಿದುಬಿಡಬಹುದು.

ಆದ್ರೆ ಇಳಿಯೋದು ಯಾರು? ಶಕ್ತಿ ಯೋಜನೆಯಲ್ಲಿ ಫ್ರೀಯಾಗಿ ಬಂದ ನಮ್ಮ ಅಮ್ಮಂದಿರು ಮಾದಾವರದಲ್ಲಿ ಇಳಿದ್ರೆ ಅಲ್ಲಿಂದ ಮೆಜೆಸ್ಟಿಕ್‌ಗೆ ಟಿಕೆಟ್ ದುಡ್ಡು ಕೊಡಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ, ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆಯ್ತು. ನೈಟ್ ಬಸ್ಸು ನಾಲ್ಕಕ್ಕೇ ತಲುಪಿದ್ರೆ ಮೆಟ್ರೋ ಶುರುವಾಗೋವರೆಗೆ ರಸ್ತೆ ಬದಿ ಕೂರ್ಬೇಕು. ಮೊಳಕಾಲ್ಮೂರು ಸೀರೆ ಗಂಟು ಹೊತ್ತು ಬರೋ ನೇಕಾರರಿಗೆ ಮೆಟ್ಟಿಲು, ಬ್ಯಾಗ್ ಸ್ಕ್ಯಾನರ್ ಬೇರೆ. ಬಲವಂತವಾಗಿ ಇಳಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣವೇ ಇದೆ. ಅಲ್ಲಿ ಬಸ್ಸು ನಿಲ್ಲಿಸಿ ನೋಡಿದ್ರು, ಜನ ಒಪ್ಪಲಿಲ್ಲ, ಬಸ್ಸುಗಳು ಮತ್ತೆ ಮೆಜೆಸ್ಟಿಕ್‌ಗೇ ಹೋದವು.

ಇನ್ನು ಲಾರಿ. ಚಳ್ಳಕೆರೆ ಶೇಂಗಾ ಎಣ್ಣೆ, ಈರುಳ್ಳಿ ಮೆಟ್ರೋದಲ್ಲಿ ಹೋಗಲ್ಲ. ಅದಕ್ಕೇ "ಒಡೆದು ಹಾಕಿ, ಮೆಟ್ರೋ ಸಾಕು" ಅನ್ನೋದು ನನಗೆ ಒಪ್ಪಿಗೆಯಿಲ್ಲ.

ರೈಲು? ನಮ್ಮೂರಿಗೆ ಹಳಿ ಇದೆ. ಆದ್ರೆ ಅದು ಚಿತ್ರದುರ್ಗ, ಚಿಕ್ಕಜಾಜೂರು ಕಡೆ ಸುತ್ತಿಕೊಂಡು ಬೆಂಗಳೂರಿನ ಲೈನಿಗೆ ಸೇರುತ್ತೆ. ತುಮಕೂರು–ಶಿರಾ–ಹಿರಿಯೂರು–ಚಿತ್ರದುರ್ಗ–ದಾವಣಗೆರೆ ಲೈನ್ ಮುಗಿದ್ರೆ ನಮಗೆ ಹಿರಿಯೂರೇ ಸ್ಟೇಷನ್. ತುಮಕೂರು–ರಾಯದುರ್ಗ ಲೈನ್ ಮುಗಿದ್ರೆ ಮೊಳಕಾಲ್ಮೂರಿನವರಿಗೆ ರಾಯದುರ್ಗ ಪಕ್ಕದಲ್ಲೇ. ನಿಜವಾದ ಬದಲಿ ದಾರಿ ಇವೆರಡೇ ಅಂತ ನನ್ನ ಅಭಿಪ್ರಾಯ. ಬಸ್ಸು ಬದಲಿಸೋ ತಾಪತ್ರಯ ಊರಲ್ಲೇ ಮುಗಿಯುತ್ತೆ, ಬೆಂಗಳೂರಿನ ಹೊರಗೆ ಗಂಟುಮೂಟೆ ಇಳಿಸಬೇಕಿಲ್ಲ. ಆದ್ರೆ ಎರಡೂ ಕಾಮಗಾರಿ ವರ್ಷಗಳಿಂದ ನಡೀತಾನೇ ಇವೆ.

ಅಲ್ಲಿವರೆಗೆ ಫ್ಲೈಓವರ್ ಬೇಕೇ ಬೇಕು, ಅದು ಮತ್ತೆ ರಿಪೇರಿಗೂ ಬರುತ್ತೆ. ಆಗ ಮೊದಲು ಯಾರಿಗೆ ಬಿಡ್ತಾರೆ ಅನ್ನೋದೇ ನನ್ನ ಜಗಳ. ಭಾರದ ಭಯ ಸುಳ್ಳಲ್ಲ. ಆದ್ರೆ ಜನ ತುಂಬಿದ ಬಸ್ಸು ಹದಿನೈದು-ಹದಿನಾರು ಟನ್, ದೊಡ್ಡ ಲೋಡ್ ಲಾರಿ 40 ಟನ್ ದಾಟುತ್ತೆ. ಎರಡನ್ನೂ ಒಂದೇ ಗೆರೆ ಎಳೆದು ಕೆಳಗೆ ಕಳಿಸಿ, ಒಬ್ಬರೇ ಕೂತ ಕಾರಿಗೆ ಎರಡೂವರೆ ವರ್ಷ ಮೇಲಿನ ರಸ್ತೆ ಕೊಟ್ರು. ತಜ್ಞರು ಅನುಮತಿಸೋ ತೂಕದೊಳಗೆ, ಅಂತರ ಬಿಟ್ಟು, ಮೊದಲು ಬಸ್ಸು. ಆಮೇಲೆ ಕಾರು. ಜೊತೆಗೆ ಮಾದಾವರದಲ್ಲಿ ಎಲ್ಲ ಬಸ್ಸೂ ಎರಡು ನಿಮಿಷ ನಿಲ್ಲಲಿ, ಇಷ್ಟ ಇದ್ದವರು ಇಳೀಲಿ.

ಅಲ್ಲಿ ಇಳಿದು ಮೆಟ್ರೋ ಹಿಡಿದವರು ನಿಮ್ಮಲ್ಲಿ ಯಾರಾದ್ರೂ ಇದ್ರೆ, ಎಷ್ಟು ನಿಮಿಷ ಉಳೀತು, ಎಷ್ಟು ದುಡ್ಡು ಹೋಯ್ತು, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಹಾಕ್ತೀನಿ.