ಪಿನ್ ಕೋಡ್ ಯುಕ್ತಿಯೇ ಅಂತರ್ಜಾಲಕ್ಕೂ ಆಧಾರ

ತಡವಳ: ಅಕ್ಕಲಕೋಟ ತಾಲ್ಲೂಕಿನ ತಡವಳದಿಂದ ಕರ್ನಾಟಕದ ಇಂಡಿಗೆ ಒಂದು ಪತ್ರ ಹಾಕಿದರೆ, ಅದನ್ನು ವಿಂಗಡಿಸುವ ಅಂಚೆ ನೌಕರನಿಗೆ ಇಂಡಿಯ ಓಣಿಗಳು ಗೊತ್ತಿರಬೇಕಿಲ್ಲ. ಪಿನ್ ಕೋಡ್ 586209. ಮೊದಲಿನ 586 ನೋಡಿದರೆ ಸಾಕು, ಪತ್ರ ವಿಜಯಪುರದ ಚೀಲಕ್ಕೆ ಬೀಳುತ್ತದೆ. ಅದೇ ರೀತಿ ಅಕ್ಕಲಕೋಟಕ್ಕೆ 413216. ಮೊದಲ ಮೂರು ಅಂಕಿಗಳು ಅದನ್ನು ಸೊಲ್ಲಾಪುರದ ಕಡೆಗೆ ತರುತ್ತವೆ. 1972ರ ಆಗಸ್ಟ್ 15ರಂದು ಆರಂಭವಾದ ಈ ಪದ್ಧತಿಯ ಯುಕ್ತಿಯನ್ನೇ ಅಂತರ್ಜಾಲವೂ ಬಳಸುತ್ತದೆ.

ಮೂರೇ ಅಳತೆ

ಅಂತರ್ಜಾಲದಲ್ಲಿ ಮಾಹಿತಿಯನ್ನು ಮುಂದಕ್ಕೆ ಕಳಿಸುವ ಯಂತ್ರದ ಹೆಸರು ರೂಟರ್. ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿ ಅದರೊಳಗೆ ಇರುತ್ತದೆ. ಮೊದಲು ವಿಳಾಸಗಳನ್ನು ಮೂರೇ ಅಳತೆಯಲ್ಲಿ ಹಂಚುತ್ತಿದ್ದರು: ಸುಮಾರು 1.67 ಕೋಟಿ, 65,536 ಅಥವಾ 256. ಸಾವಿರ ಕಂಪ್ಯೂಟರ್ ಇರುವ ಸಂಸ್ಥೆಗೆ 256 ಸಾಲದು. 65,536 ಕೊಟ್ಟರೆ ಬಹುಪಾಲು ವ್ಯರ್ಥ. 256ರ ನಾಲ್ಕು ಗುಂಪು ಕೊಟ್ಟರೆ ಜಗತ್ತಿನ ದೊಡ್ಡ ರೂಟರ್‌ಗಳ ಪಟ್ಟಿಯಲ್ಲೆಲ್ಲ ನಾಲ್ಕು ಸಾಲು ಹೆಚ್ಚುತ್ತಿದ್ದವು.

1993ರಲ್ಲಿ ಬಂದ ವರ್ಗರಹಿತ ಪದ್ಧತಿ, ಅಂದರೆ ಸಿಐಡಿಆರ್, ಈ ಮೂರು ಅಳತೆಗಳ ಕಟ್ಟನ್ನು ಬಿಡಿಸಿತು. ಬೇಕಾದಷ್ಟೇ ವಿಳಾಸ ಕೊಡುವುದಕ್ಕೂ, ಪಕ್ಕಪಕ್ಕದ ಗುಂಪುಗಳನ್ನು ಒಂದೇ ಸಾಲಿನಲ್ಲಿ ಬರೆಯುವುದಕ್ಕೂ ಅವಕಾಶವಾಯಿತು. ಉದಾಹರಣೆಗೆ 208.65.152ರಿಂದ 208.65.155ರವರೆಗಿನ ನಾಲ್ಕು ಗುಂಪುಗಳನ್ನು 208.65.152.0/22 ಎಂದು ಒಮ್ಮೆಗೇ ಬರೆಯಬಹುದು. 32 ಬಿಟ್‌ಗಳ ವಿಳಾಸದಲ್ಲಿ ಮೊದಲ 22 ಸಮಾನ ಎಂದು ಇದರ ಅರ್ಥ. ಉಳಿದ 10 ಬಿಟ್‌ಗಳಲ್ಲಿ 1,024 ವಿಳಾಸ ಹಿಡಿಯುತ್ತವೆ. ಆದರೆ ಗುಂಪುಗಳು ಸರಿಯಾದ ಅಂಕಿಯಿಂದಲೇ ಶುರುವಾಗಬೇಕು. 152 ನಾಲ್ಕರಿಂದ ಭಾಗವಾಗುತ್ತದೆ, 153 ಆಗುವುದಿಲ್ಲ. ಹಾಗಾಗಿ 153ರಿಂದ 156ರವರೆಗಿನ ನಾಲ್ಕು ಗುಂಪುಗಳು ಒಂದೇ ಸಾಲಾಗವು.

ಒಂದು ಸಾಲು ತಪ್ಪಿದರೆ

ಒಂದೇ ವಿಳಾಸಕ್ಕೆ ಎರಡು ಸಾಲು ಹೊಂದಿದರೆ ರೂಟರ್ ಹೆಚ್ಚು ನಿಖರವಾದದ್ದನ್ನೇ ನಂಬುತ್ತದೆ. ಮೇಲಿನ 208.65.152.0/22 ಯೂಟ್ಯೂಬ್‌ನದು. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದಲ್ಲಿ ಯೂಟ್ಯೂಬ್ ತಡೆಯಲು 208.65.153.0/24 ಎಂಬ ಚಿಕ್ಕ ಸಾಲನ್ನು ಹಾಕಿತು. ಅದು ಹೊರಗೂ ಹರಡಿತು. ಚಿಕ್ಕ ಸಾಲೇ ಹೆಚ್ಚು ನಿಖರವಾದ್ದರಿಂದ ರೂಟರ್‌ಗಳು ಅದನ್ನೇ ನಂಬಿದವು. ಜಗತ್ತಿನ ಬಹಳಷ್ಟು ಕಡೆ ಸುಮಾರು ಎರಡು ಗಂಟೆ ಯೂಟ್ಯೂಬ್ ಸಿಗಲಿಲ್ಲ.

ಪಟ್ಟಿ ಅತಿಯಾಗಿ ಬೆಳೆದರೂ ತೊಂದರೆಯೇ. 2014ರ ಆಗಸ್ಟ್ 12ರಂದು ಸಾಲುಗಳು 5.12 ಲಕ್ಷದ ಗಡಿ ದಾಟಿದಾಗ, ಅಷ್ಟಕ್ಕೇ ಜಾಗವಿದ್ದ ಹಳೆಯ ರೂಟರ್‌ಗಳು ತಡವರಿಸಿ ಹಲವೆಡೆ ಸಂಪರ್ಕ ಕೆಟ್ಟಿತು. ಈಗ ಪಟ್ಟಿ ಸುಮಾರು 10 ಲಕ್ಷ ಸಾಲಿಗೆ ಬಂದಿದೆ. ಎರಡು ಕಂಪನಿಗಳ ಸಂಪರ್ಕ ಇಟ್ಟುಕೊಂಡ ಸಂಸ್ಥೆಗಳು ತಮ್ಮ ಸಾಲನ್ನು ಬೇರೆಯಾಗಿಯೇ ಬರೆಸುವುದು ಇದಕ್ಕೆ ಒಂದು ಕಾರಣ. ಸಾಲುಗಳನ್ನು ಒಟ್ಟುಗೂಡಿಸದೆ ಹೋಗಿದ್ದರೆ ಪಟ್ಟಿ ಇನ್ನೂ ಎಷ್ಟೋ ಉದ್ದವಾಗುತ್ತಿತ್ತು.

ಆದ್ದರಿಂದ ಉಳಿದೆಲ್ಲ ತೆರೆದು ಒಂದೇ ತಾಣ ತೆರೆಯದಿದ್ದರೆ ಊರಿನ ಕೇಬಲ್ಲನ್ನೋ ಮೊಬೈಲನ್ನೋ ಕೂಡಲೇ ದೂರಬೇಕಿಲ್ಲ. ದೂರದ ಯಾವುದೋ ಪಟ್ಟಿಯಲ್ಲಿ ಒಂದು ಸಾಲು ತಪ್ಪಿರಲೂಬಹುದು.