ಶಾಟ್‌ಗನ್ ಮೈಕ್: ಬದಿಯ ಸದ್ದು ತಗ್ಗಿಸಿ ಮಾತು ಹಿಡಿಯುವ ಬಗೆ

ತಾನು ಮುಖಮಾಡಿದ ಕಡೆಯ ಸದ್ದನ್ನು ಚೆನ್ನಾಗಿ ಹಿಡಿದು, ಅಕ್ಕಪಕ್ಕದಿಂದ ಬರುವ ಸದ್ದನ್ನು ತಗ್ಗಿಸುವ ಕೊಳವೆಯಾಕಾರದ ಮೈಕ್ರೋಫೋನಿಗೆ ಶಾಟ್‌ಗನ್ ಮೈಕ್ ಎನ್ನುತ್ತಾರೆ. ಸಿನಿಮಾ, ಧಾರಾವಾಹಿ, ಸಾಕ್ಷ್ಯಚಿತ್ರ, ಸುದ್ದಿವಾಹಿನಿ ಹೀಗೆ ಸ್ಟುಡಿಯೋದ ಹೊರಗೆ ಮಾತು ದಾಖಲಿಸಬೇಕಾದ ಎಲ್ಲ ಕಡೆಯೂ ಇದು ಬಳಕೆಯಲ್ಲಿದೆ. ಚಿತ್ರೀಕರಣದಲ್ಲಿ ಮೈಕ್ ಕ್ಯಾಮೆರಾದ ಕಣ್ಣಿಗೆ ಬೀಳಬಾರದು. ಹಾಗೆಂದು ಮಾತು ಅಸ್ಪಷ್ಟವಾಗಲೂಬಾರದು. ಕಲಾವಿದರ ತಲೆಯ ಮೇಲೆ, ಚೌಕಟ್ಟಿನ ಆಚೆ ನಿಂತೇ ಕೆಲಸ ಮಾಡಬೇಕಾದ ಈ ಮೈಕಿನ ರಚನೆ ರೂಪುಗೊಂಡಿರುವುದು ಈ ಅಗತ್ಯಕ್ಕೆ ತಕ್ಕಂತೆ.

ಹಳೆಯ ಶಾಟ್‌ಗನ್ ಮೈಕುಗಳು ಉದ್ದವಾಗಿದ್ದವು. ಜರ್ಮನಿಯ ಸೆನ್‌ಹೈಸರ್ ಕಂಪನಿಯ ಎಂಕೆಎಚ್ 816 ಅರ್ಧ ಮೀಟರಿಗೂ ಹೆಚ್ಚು ಉದ್ದವಿತ್ತು. ಇಂಥ ಕೊಳವೆ ಮೈಕುಗಳ ಆವಿಷ್ಕಾರಕ್ಕಾಗಿ ಫ್ರಿಟ್ಸ್ ಸೆನ್‌ಹೈಸರ್ ಅವರಿಗೆ 1987ನೇ ಸಾಲಿನ ತಾಂತ್ರಿಕ ಆಸ್ಕರ್ ಸಂದಿತು. 1970ರ ದಶಕದಲ್ಲಿ ಬಂದ ಅದೇ ಕಂಪನಿಯ ಎಂಕೆಎಚ್ 416 ಕೇವಲ 25 ಸೆಂ.ಮೀ. ಉದ್ದ, ಸುಮಾರು 165 ಗ್ರಾಂ ತೂಕದ್ದು. ಇಂದಿಗೂ ಅದು ಚಿತ್ರೀಕರಣ ತಾಣಗಳಲ್ಲಿ ಕಾಣಸಿಗುತ್ತದೆ. ಶೋಪ್ಸ್ ಕಂಪನಿಯ ಮಿನಿಸಿಎಂಐಟಿ ಇನ್ನೂ ಗಿಡ್ಡ, ಬರೀ 15 ಸೆಂ.ಮೀ. ಕ್ಯಾಮೆರಾಗಳು ಚಿಕ್ಕವಾದಂತೆ, ಒಬ್ಬಿಬ್ಬರೇ ಸೇರಿ ಚಿತ್ರೀಕರಿಸುವುದು ಹೆಚ್ಚಾದಂತೆ ಗಿಡ್ಡ ಮೈಕುಗಳಿಗೆ ಬೇಡಿಕೆ ಬೆಳೆಯಿತು.

ಕೊಳವೆಯೊಳಗೆ ನಡೆಯುವುದೇನು?

ಮೈಕಿನ ಸದ್ದು ಗ್ರಹಿಸುವ ಭಾಗಕ್ಕೆ ಕ್ಯಾಪ್ಸೂಲ್ ಎಂದು ಹೆಸರು. ಶಾಟ್‌ಗನ್ ಮೈಕಿನಲ್ಲಿ ಅದು ತುದಿಯಲ್ಲಿರದೆ ಕೊಳವೆಯ ಬುಡದಲ್ಲಿರುತ್ತದೆ. ಕೊಳವೆಯ ಮೈಯುದ್ದಕ್ಕೂ ಸಣ್ಣ ಸೀಳುಗಳಿರುತ್ತವೆ. ನೇರ ಎದುರಿನಿಂದ ಬಂದ ಸದ್ದು ಯಾವ ಸೀಳಿನಿಂದ ಒಳಹೊಕ್ಕರೂ ಕ್ಯಾಪ್ಸೂಲನ್ನು ಒಂದೇ ಹೊತ್ತಿಗೆ ಮುಟ್ಟುತ್ತದೆ, ಹಾಗಾಗಿ ಪೂರ್ತಿ ಬಲ ಉಳಿಸಿಕೊಳ್ಳುತ್ತದೆ. ಬದಿಯಿಂದ ಬಂದ ಸದ್ದು ಎಲ್ಲ ಸೀಳುಗಳನ್ನೂ ಏಕಕಾಲಕ್ಕೆ ಹೊಕ್ಕರೂ, ತುದಿಯಲ್ಲಿ ಹೊಕ್ಕಿದ್ದು ಬುಡ ತಲುಪಲು ಹೆಚ್ಚು ದೂರ ಸಾಗಬೇಕು, ಬುಡದ ಬಳಿ ಹೊಕ್ಕಿದ್ದು ಕಡಿಮೆ ದೂರ. ಈ ಹಿಂದುಮುಂದಿನಿಂದ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಪರಸ್ಪರ ಅಳಿಸಿಹೋಗುತ್ತವೆ.

ಒಂದು ಲೆಕ್ಕ ನೋಡಬಹುದು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 1,370 ಹರ್ಟ್ಜ್ ಆವೃತ್ತಿಯ ಸದ್ದಿನ ತರಂಗದೂರ ಸುಮಾರು 25 ಸೆಂ.ಮೀ. ಅಷ್ಟೇ ಉದ್ದದ ಕೊಳವೆಯಲ್ಲಿ ಹನ್ನೆರಡೂವರೆ ಸೆಂ.ಮೀ. ಅಂತರದ ಯಾವ ಎರಡು ಸೀಳುಗಳನ್ನು ತೆಗೆದುಕೊಂಡರೂ ಅವುಗಳ ಮೂಲಕ ಬದಿಯಿಂದ ಬಂದ ಸದ್ದು ಅರ್ಧ ತರಂಗದಷ್ಟು ಹಿಂದುಮುಂದಾಗಿ ರದ್ದಾಗುತ್ತದೆ. ಆದರೆ 100 ಹರ್ಟ್ಜ್‌ನ ಸದ್ದಿನ ತರಂಗದೂರ ಸುಮಾರು ಮೂರೂವರೆ ಮೀಟರ್. ಅಷ್ಟು ದೊಡ್ಡ ಅಲೆಗೆ 25 ಸೆಂ.ಮೀ.ನ ಕೊಳವೆ ಲೆಕ್ಕಕ್ಕೇ ಇಲ್ಲ.

ಗಿಡ್ಡ ಮೈಕಿನ ಮಿತಿ ಇರುವುದು ಇಲ್ಲೇ. 25 ಸೆಂ.ಮೀ. ಕೊಳವೆ ಸುಮಾರು 1,400 ಹರ್ಟ್ಜ್‌ನಿಂದ ಮೇಲೆ, 15 ಸೆಂ.ಮೀ. ಕೊಳವೆ ಸುಮಾರು 2,300 ಹರ್ಟ್ಜ್‌ನಿಂದ ಮೇಲೆ ತನ್ನ ಗುಣವನ್ನು ಸರಿಯಾಗಿ ತೋರಿಸುತ್ತದೆ. ಅದಕ್ಕಿಂತ ಕೆಳಗಿನ ಸದ್ದಿಗೆ ಕ್ಯಾಪ್ಸೂಲಿನ ಸ್ವಂತ ದಿಕ್ಕಿನ ಗುಣವೇ ಆಧಾರ. ಸಾಮಾನ್ಯವಾಗಿ ಬಳಸುವ, ಎದುರಿನ ಸದ್ದಿಗೇ ಹೆಚ್ಚು ಓಗೊಡುವ ಸೂಪರ್‌ಕಾರ್ಡಿಯಾಯ್ಡ್ ಬಗೆಯ ಕ್ಯಾಪ್ಸೂಲ್ ನೇರ ಬದಿಯ ಸದ್ದನ್ನು ಸುಮಾರು 9 ಡೆಸಿಬೆಲ್‌ನಷ್ಟು ಮಾತ್ರ ತಗ್ಗಿಸುತ್ತದೆ. ಪಕ್ಕದ ಮಾತುಗಾರರ ಸ, ಶ, ತ, ಚದಂಥ ವ್ಯಂಜನಗಳು ಮಂಕಾಗುತ್ತವೆ. ಆದರೆ ರಸ್ತೆಯ ಲಾರಿಯ ಗುಡುಗು, ಜನರೇಟರಿನ ಗುಂಯ್‌ಗುಡುವಿಕೆ ಒಳಗೆ ನುಸುಳುತ್ತವೆ.

ಹತ್ತಿರವಿದ್ದಷ್ಟೂ ಮೇಲು

ಶಾಟ್‌ಗನ್ ಮೈಕ್ ದೂರದ ಸದ್ದನ್ನು ಹತ್ತಿರಕ್ಕೆ ಎಳೆದು ತರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಲೆನ್ಸ್ ಜೂಮ್ ಮಾಡುವ ಹಾಗೆ ಮೈಕ್ ಏನನ್ನೂ ದೊಡ್ಡದು ಮಾಡುವುದಿಲ್ಲ. ಬೇಡದ್ದನ್ನು ಒಂದಿಷ್ಟು ಕಡಿಮೆ ಮಾಡುತ್ತದೆ, ಅಷ್ಟೇ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ಮಾತಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಬಾಯಿಯಿಂದ ಅರ್ಧ ಮೀಟರಿನಲ್ಲಿದ್ದ ಮೈಕನ್ನು ಎರಡು ಮೀಟರ್ ಆಚೆಯ ಕ್ಯಾಮೆರಾದ ಮೇಲೆ ಕೂರಿಸಿದರೆ 12 ಡೆಸಿಬೆಲ್ ನಷ್ಟ. ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ರೆಕಾರ್ಡರಿನಲ್ಲಿ ಗೇನ್ (ಸದ್ದಿನ ವರ್ಧನೆ) ಏರಿಸಿದರೆ ಮಾತಿನ ಜೊತೆಗೆ ಗದ್ದಲವೂ ಏರುತ್ತದೆ. ಆದ್ದರಿಂದಲೇ ದುಬಾರಿ ಮೈಕನ್ನು ಕ್ಯಾಮೆರಾಗೆ ಸಿಕ್ಕಿಸುವುದಕ್ಕಿಂತ ಸಾಧಾರಣ ಮೈಕನ್ನು ಬೂಮ್ ಎಂಬ ಉದ್ದನೆಯ ಕೋಲಿಗೆ ಕಟ್ಟಿ ಹತ್ತಿರ ಹಿಡಿದರೆ ಫಲಿತಾಂಶ ಹೆಚ್ಚಾಗಿ ಮೇಲೇ ಇರುತ್ತದೆ.

ಬೂಮ್ ಹಿಡಿಯುವವರು ಚೌಕಟ್ಟಿನ ಅಂಚಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ, ಕಲಾವಿದರ ತಲೆಯ ಮುಂದೆ ಸ್ವಲ್ಪ ಮೇಲಿನಿಂದ ಮೈಕನ್ನು ಇಳಿಬಿಟ್ಟು ಅದರ ಮೂತಿಯನ್ನು ಬಾಯಿ ಅಥವಾ ಎದೆಯತ್ತ ತಿರುಗಿಸುತ್ತಾರೆ. ಹೀಗೆ ಮೇಲಿನಿಂದ ಹಿಡಿದಾಗ ಮೈಕಿನ ನೋಟದ ಸಾಲಿನಲ್ಲಿ ಕಲಾವಿದರ ಹಿಂದೆ ಬರುವುದು ನೆಲ. ಅಡ್ಡಡ್ಡ ಹಿಡಿದರೆ ಹಿಂದಿನ ರಸ್ತೆಯ ಸದ್ದೆಲ್ಲ ನೇರ ಒಳಗೆ. ಕೋನ ತುಸು ತಪ್ಪಿದರೂ ಗಟ್ಟಿ ವ್ಯಂಜನಗಳು ಮಾಸಿ ದನಿಯ ಬಣ್ಣವೇ ಬದಲಾಗುತ್ತದೆ. ಹಾಗಾಗಿ ಇಬ್ಬರ ಸಂಭಾಷಣೆಯಲ್ಲಿ ಬೂಮ್ ಆಪರೇಟರಿಗೆ ಸಂಭಾಷಣೆ ಬಾಯಿಪಾಠವಾಗಿರಬೇಕು. ಮುಂದಿನವರು ಬಾಯಿ ತೆರೆಯುವ ಮುನ್ನವೇ ಮೈಕ್ ಅತ್ತ ತಿರುಗಿರಬೇಕು. ಕೋಲಿನ ಮೇಲೆ ಬೆರಳು ಜಾರಿದ ಸದ್ದೂ, ಸಡಿಲವಾದ ಕೇಬಲ್ ಬಡಿದ ಸದ್ದೂ ದಾಖಲಾಗುತ್ತವೆ. ಇದನ್ನು ತಡೆಯಲು ಮೈಕನ್ನು ರಬ್ಬರ್ ಬಳೆಗಳಲ್ಲಿ ತೂಗುಹಾಕುವ ಶಾಕ್ ಮೌಂಟ್ ಬೇಕೇಬೇಕು.

ಮನೆಯೊಳಗೆ ಮತ್ತು ಬಯಲಲ್ಲಿ

ನಾಲ್ಕು ಗೋಡೆಯ ನಡುವೆ ಶಾಟ್‌ಗನ್ ಮೈಕ್ ತೊಡಕು ಕೊಡುತ್ತದೆ. ಗೋಡೆ, ಗ್ರಾನೈಟ್ ನೆಲ, ಕಾಂಕ್ರೀಟ್ ಸೂರುಗಳಿಗೆ ಬಡಿದು ಮರಳಿದ ಅದೇ ಮಾತು ಕ್ಷಣಾಂಶ ತಡವಾಗಿ ಸೀಳುಗಳೊಳಗೆ ಹೊಕ್ಕು, ದನಿ ಡಬ್ಬದೊಳಗಿನಿಂದ ಬಂದಂತೆ ಕೇಳಿಸುತ್ತದೆ. ಇಂಥ ಕಡೆ ಅನುಭವಿ ರೆಕಾರ್ಡಿಸ್ಟರು ಕೊಳವೆಯಿಲ್ಲದ ಸೂಪರ್‌ಕಾರ್ಡಿಯಾಯ್ಡ್ ಮೈಕನ್ನು ಆರಿಸಿಕೊಳ್ಳುತ್ತಾರೆ. ಶಾಟ್‌ಗನ್ನೇ ಗತಿಯಾದರೆ ನೆಲಕ್ಕೆ ಜಮಖಾನ ಹಾಸಿ, ಚೌಕಟ್ಟಿನ ಆಚೆಗೆ ದಪ್ಪ ಕಂಬಳಿ ನೇತುಹಾಕಿ ಪ್ರತಿಫಲನ ತಗ್ಗಿಸಬಹುದು. ಇನ್ನೊಂದು ಸಂಗತಿ: ಈ ಮೈಕಿನ ಬೆನ್ನಿಗೂ ತಕ್ಕಮಟ್ಟಿಗೆ ಸದ್ದು ಕೇಳಿಸುತ್ತದೆ. ಕೆಳಮುಖವಾಗಿ ಹಿಡಿದಾಗ ಆ ಬೆನ್ನು ಇರುವುದು ಸೀಲಿಂಗ್ ಫ್ಯಾನಿನ ಕಡೆಗೆ. ಫ್ಯಾನ್ ಆರಿಸಲೇಬೇಕು, ಫ್ರಿಜ್ಜನ್ನೂ ನಿಲ್ಲಿಸಬೇಕು. ಫ್ರಿಜ್ ನಿಲ್ಲಿಸಿದವರು ತಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡುವ ರೂಢಿ ಸೌಂಡ್ ವಿಭಾಗದಲ್ಲಿದೆ. ಕೀಲಿ ತೆಗೆಯದೆ ಮನೆಗೆ ಹೋಗುವಂತಿಲ್ಲ, ಹಾಗಾಗಿ ಫ್ರಿಜ್ ಮತ್ತೆ ಚಾಲೂ ಮಾಡುವುದು ಮರೆಯುವುದಿಲ್ಲ.

ಬಯಲಲ್ಲಿ ಶತ್ರು ಗಾಳಿ. ಮಂದವಾದ ಗಾಳಿಯೂ ಸೀಳುಗಳ ಮೇಲೆ ಹಾದಾಗ ಬುಸುಗುಡುವ ಸದ್ದಾಗುತ್ತದೆ. ಮೈಕಿಗೆ ತೊಡಿಸುವ ಸ್ಪಂಜಿನ ಟೊಪ್ಪಿ ಒಳಾಂಗಣಕ್ಕೆ ಸಾಕು. ಹೊರಾಂಗಣಕ್ಕೆ ಬ್ಲಿಂಪ್ ಎಂಬ ಜಾಲರಿಯ ಗೂಡು, ಅದರ ಮೇಲೆ ತುಪ್ಪಳದ ಹೊದಿಕೆ ಬೇಕಾಗುತ್ತದೆ. ತೇವವೂ ಸಮಸ್ಯೆಯೇ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕೆಲವು ಕಂಡೆನ್ಸರ್ ಮೈಕುಗಳು ಪಟಪಟ ಸದ್ದು ಮಾಡತೊಡಗುತ್ತವೆ. ಎಂಕೆಎಚ್ 416ರಂಥ ಮೈಕುಗಳು ಆರ್‌ಎಫ್ ಕಂಡೆನ್ಸರ್ ಎಂಬ ವಿಧಾನದಲ್ಲಿ ಕೆಲಸ ಮಾಡುವುದರಿಂದ ತೇವವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಸಿಲಿಕಾ ಜೆಲ್ ಚೀಲದ ಜೊತೆ ಮುಚ್ಚಿಡುವುದು ಎಲ್ಲ ಮೈಕುಗಳಿಗೂ ಒಳ್ಳೆಯದು.

ಇಂಥ ಬಹುತೇಕ ವೃತ್ತಿಪರ ಮೈಕುಗಳಿಗೆ ರೆಕಾರ್ಡರಿನಿಂದ ಮೈಕ್ ಕೇಬಲಿನಲ್ಲೇ ಬರುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಬೇಕು. ಸಿನಿಮಾ ಕೆಲಸಕ್ಕೆ 48 ಕಿಲೋಹರ್ಟ್ಜ್, 24 ಬಿಟ್ ರೆಕಾರ್ಡಿಂಗ್ ಸಾಮಾನ್ಯ. ಮಾತಿನ ಅತಿ ಜೋರಿನ ಗಳಿಗೆ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ದಿಢೀರ್ ಕೂಗಿಗೂ ಜಾಗ ಉಳಿಯುತ್ತದೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು ತಗ್ಗಿಸುವ ಲೋ ಕಟ್ ಹಾಕಿದರೆ ಗಾಳಿ, ಹಿಡಿಕೆಗಳ ಗುಡುಗುಡು ಕಡಿಮೆಯಾಗುತ್ತದೆ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು ಅರ್ಧ ನಿಮಿಷ ಬರಿಯ ವಾತಾವರಣದ ಸದ್ದನ್ನು ದಾಖಲಿಸಿಕೊಳ್ಳುವುದು ರೂಢಿ. ಸಂಕಲನದಲ್ಲಿ ಮಾತುಗಳ ನಡುವಿನ ತೆರಪು ತುಂಬಲು ಅದೇ ಬೇಕು.

ಸಿಂಕ್ ಸೌಂಡ್ ಮತ್ತು ಕನ್ನಡ ಸಿನಿಮಾ

ಭಾರತದಲ್ಲಿ ದಶಕಗಳ ಕಾಲ ಸದ್ದು ಮಾಡುವ ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ, ಮಾತನ್ನು ಸ್ಟುಡಿಯೋದಲ್ಲಿ ಡಬ್ ಮಾಡುವುದೇ ವಾಡಿಕೆಯಾಗಿತ್ತು. ಸ್ಥಳದ ಧ್ವನಿ ಬರೀ ಗುರುತಿಗಾಗಿ ಇಟ್ಟುಕೊಳ್ಳುವ ಪೈಲಟ್ ಟ್ರ್ಯಾಕ್ ಆಗಿರುತ್ತಿತ್ತು. 2001ರ ‘ಲಗಾನ್’ ಶಾಟ್‌ಗನ್‌ನಂಥ ಮೈಕುಗಳಿಂದ ಸ್ಥಳದಲ್ಲೇ ಮಾತು ಹಿಡಿಯುವ ಸಿಂಕ್ ಸೌಂಡ್ ಪದ್ಧತಿಯತ್ತ ಹಿಂದಿ ಚಿತ್ರರಂಗದ ಗಮನ ಸೆಳೆಯಿತು. ಕನ್ನಡದಲ್ಲಿ ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ ಇದಕ್ಕೆ ಒಳ್ಳೆಯ ನಿದರ್ಶನ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಣಗೊಂಡ ಅದರಲ್ಲಿ ನಟಿಸಿದವರು ವೃತ್ತಿಪರ ಕಲಾವಿದರಲ್ಲ, ಹಳ್ಳಿಯ ಜನ. ಅವರ ಮಾತಿನ ಏರಿಳಿತ, ಎಳೆತ, ನಡುವೆ ನುಂಗಿದ ಅಕ್ಷರಗಳನ್ನು ಡಬ್ಬಿಂಗ್ ಕೊಠಡಿಯಲ್ಲಿ ಮತ್ತೆ ತರಿಸುವುದು ಕಷ್ಟ.

ಕಡಿಮೆ ಬಜೆಟ್ಟಿನಲ್ಲಿ ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡ ಹೊರಟವರು ಮೈಕಿನ ಬೆಲೆಗಿಂತ ಮೊದಲು ಉಳಿದವುಗಳಿಗೆ ಹಣ ತೆಗೆದಿಡುವುದು ಒಳಿತು: ಗಟ್ಟಿ ಬೂಮ್ ಕೋಲು, ಶಾಕ್ ಮೌಂಟ್, ಗಾಳಿತಡೆ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಬೂಮ್ ಹಿಡಿಯಲೆಂದೇ ಒಬ್ಬರನ್ನು ನೇಮಿಸಿಕೊಳ್ಳಬೇಕು, ಟೇಕ್ ಮುಗಿದ ಕೂಡಲೇ ಅದನ್ನು ಕೇಳಿ ನೋಡಬೇಕು. ಈ ಏರ್ಪಾಡಿದ್ದರೆ ಮಧ್ಯಮ ಬೆಲೆಯ ಗಿಡ್ಡ ಶಾಟ್‌ಗನ್ ಮೈಕ್ ಕೂಡ ಪರದೆಗೆ ಸಲ್ಲುವ ಮಾತನ್ನು ದಾಖಲಿಸಿಕೊಡುತ್ತದೆ.